ಎಳೆಯ ಕಲೆಗಾರನೂ ಹಿರಿಯರ ಆಸರೆಯೂ

ನಾಟಕವೊಂದನ್ನು ಕಂಡ ಹುಡುಗನಿಗೆ ತಾನೂ ನಟನಾಗಬೇಕೆಂಬ ಹಂಬಲ ಹುಟ್ಟುವುದು ಅಪೂರ್ವವಾದ ಸಂಗತಿಯಲ್ಲ. ಆ ಹಂಬಲ ಬಾಡದೆ ಉಳಿದು ಫಲಿಸುವುದೇ ಅಪೂರ್ವ. ದೊಡ್ಡ ಕಲಾವಿದರು ಕಿರಿಯರಿಗೆ ಸ್ಫೂರ್ತಿಯನ್ನು ಕೊಡುತ್ತಾರೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಸ್ಫೂರ್ತಿ ಯಾವ ಮಾರ್ಗದಿಂದ ಕಾರ್ಯರೂಪಕ್ಕೆ ಬರುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿರುವ ಬಲಸಮುದ್ರದಂತಹ ಊರಿನ ಮಗುವಿಗೆ ಪಟ್ಟಣದ ರಂಗಶಾಲೆಗಳು ದೂರವೇ ಸರಿ. ಆದರೆ ಆ ಬಯಲುಸೀಮೆ ಕಲೆಗೆ ಬಡವಾದುದಲ್ಲ. ಮೂಡಲಪಾಯ ಯಕ್ಷಗಾನ ಬೆಳೆದುಬಂದ ನಾಡು ಅದು. ಭಾಗವತನು ಊರಿನ ಒಕ್ಕಲಮಕ್ಕಳಿಗೇ ಪದ, ಮಾತು, ಹೆಜ್ಜೆಗಳನ್ನು ಬಹುದಿನ ಕಲಿಸಿ ಒಂದು ರಾತ್ರಿಯ ಆಟಕ್ಕೆ ಅಣಿಮಾಡುತ್ತಿದ್ದನು. ಅಲ್ಲಿ ನೋಡುವವನಿಗೂ ಆಡುವವನಿಗೂ ನಡುವೆ ಗೋಡೆಯಿರಲಿಲ್ಲ. ಇಂದು ಅಂತಹ ಆಟಗಳು ವಿರಳವಾಗಿವೆ. ಆದುದರಿಂದಲೇ ನಮ್ಮ ಪ್ರಶ್ನೆಗೆ ಹೆಚ್ಚಿನ ಮಹತ್ವ ಬಂದಿದೆ.

ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿತು. 1891ರಲ್ಲಿ ಜನಿಸಿದ ವೀರಣ್ಣನವರು ಬಾಲ್ಯದಲ್ಲಿಯೇ ಅದನ್ನು ಸೇರಿ, ಬಾಲನಟರಾಗಿ, ಹಾಸ್ಯನಟರಾಗಿ, ಕಡೆಗೆ ಯಜಮಾನರಾಗಿ ಅದನ್ನು ಕನ್ನಡನಾಡಿನ ಮನೆಮಾತಾಗಿಸಿದರು. ‘ಸದಾರಮೆ’ಯ ಕಳ್ಳನಾಗಿ ಅವರು ಜನರನ್ನು ನಗಿಸಿದುದನ್ನೂ, ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದುದನ್ನೂ ಹಿರಿಯರು ಬಹುಕಾಲ ಹೇಳುತ್ತಿದ್ದರು. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ಬೇರೆ. ಬೆರಗಾದ ಹುಡುಗನನ್ನು ಅವರ ಕಂಪನಿ ಪ್ರೇಕ್ಷಕರ ಸಾಲಿನಲ್ಲಿಯೇ ಬಿಡಲಿಲ್ಲ. ಒಳಕ್ಕೆ ಕರೆದು ಕೆಲಸ ಕೊಟ್ಟಿತು. ಸಣ್ಣ ಪಾತ್ರ ಮಾಡುವ ಹುಡುಗನು ದಿನವೂ ಹಿರಿಯ ನಟನ ಉಚ್ಚಾರಣೆಯನ್ನು ಕೇಳುವನು. ಒಂದೇ ಹಾಡು ಇಂದು ಮೆಚ್ಚುಗೆ ಪಡೆದು ನಾಳೆ ಸಪ್ಪೆಯಾಗುವುದೇಕೆಂದು ಕಾಣುವನು. ದೂರದಿಂದ ಮಾಡಿದ ಆರಾಧನೆ ಇದನ್ನು ಕಲಿಸಲಾರದು.

ಹೀಗೆ ಬೆಳೆದವರನ್ನು ನೋಡಿರಿ. 1917ರಲ್ಲಿ ಹುಟ್ಟಿದ ಜಿ. ವಿ. ಅಯ್ಯರ್ ಎಳೆತನದಲ್ಲಿಯೇ ಈ ಕಂಪನಿಯನ್ನು ಸೇರಿದರು. ಗಾಜನೂರಿನ ಮುತ್ತುರಾಜರು ತಂದೆ ಪುಟ್ಟಸ್ವಾಮಯ್ಯನವರೊಡನೆ ಇಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜಕುಮಾರರಾದರು. ಬಂಟವಾಳದ ಕಡೆಯ ಬಿ. ವಿ. ಕಾರಂತರು ಬಾಲ್ಯದಲ್ಲಿ ಮನೆಬಿಟ್ಟು ಬಂದು ಇಲ್ಲಿಯೇ ಆಶ್ರಯ ಪಡೆದರು. ಇವರಲ್ಲಿ ಯಾರೂ ವೀರಣ್ಣನವರ ಪ್ರತಿಬಿಂಬವಾಗಲಿಲ್ಲವೆಂಬುದನ್ನು ಗಮನಿಸಬೇಕು. ವೈಭವದ ರಂಗಸಜ್ಜಿಕೆಯ ನಡುವೆ ಬೆಳೆದ ಅಯ್ಯರ್ 1983ರಲ್ಲಿ ‘ಆದಿ ಶಂಕರಾಚಾರ್ಯ’ವೆಂಬ ಸಂಸ್ಕೃತ ಚಲಚ್ಚಿತ್ರವನ್ನು ನಿರ್ದೇಶಿಸಿದರು, ಕಾರಂತರು ಕಂಪನಿಯ ಸಂಗೀತದ ಸವಿಯನ್ನು ಮರೆಯದೆ ಹೊಸ ಬಗೆಯ ರಂಗಸಂಗೀತವನ್ನು ಕಟ್ಟಿದರು. ಬೀಜ ಒಂದೇ ಮನೆಯದಾದರೂ ಬೆಳೆ ಅವರವರ ನೆಲದ್ದು.

ಕಾರಂತರ ವಿಷಯದಲ್ಲಿ ಇನ್ನೊಂದು ಮಾತುಂಟು. ವೀರಣ್ಣನವರು ಆ ಯುವಕನನ್ನು ತಮ್ಮಲ್ಲಿಯೇ ಕಟ್ಟಿಹಾಕಿಕೊಳ್ಳದೆ ಉನ್ನತ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದರು. ಅಲ್ಲಿ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ಥಾನಿ ಸಂಗೀತದ ಶಿಕ್ಷಣವೂ ಅವರಿಗೆ ದೊರೆಯಿತು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಅದಕ್ಕೇ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಅಸ್ತಿಭಾರ ಹಾಕಿದರು. ಊರೂರು ತಿರುಗುವ ಕಂಪನಿಗೆ ಚುರುಕಾದ ಹುಡುಗನೊಬ್ಬನು ಎಷ್ಟು ಬೇಕಾದವನೆಂಬುದನ್ನು ನೆನೆದರೆ ಆ ಕಳುಹಿಸಿಕೊಟ್ಟ ಮನಸ್ಸಿನ ಹಿರಿಮೆ ತಿಳಿದೀತು.

ವೀರಣ್ಣನವರು 1972ರಲ್ಲಿ ಗತಿಸಿದರು. ಇಂದು ಹಳ್ಳಿಯ ಮಗುವೂ ಕೈಯಲ್ಲಿರುವ ಯಂತ್ರದಲ್ಲಿ ಲೋಕದ ಮಹಾಕಲಾವಿದರೆಲ್ಲರನ್ನೂ ನೋಡಬಲ್ಲದು. ನೋಟಕ್ಕೆ ಬರವಿಲ್ಲ, ಬರವಿರುವುದು ಒಳಕ್ಕೆ ಕರೆಯುವ ಬಾಗಿಲಿಗೆ. ಪಟ್ಟಣಗಳಲ್ಲಿ ಸಂಘಗಳನ್ನೂ ಸಭೆಗಳನ್ನೂ ನಡೆಸುವ ನಾವು ಬಲಸಮುದ್ರದಿಂದ ಬಂದ ಹುಡುಗನಿಗೋ ಹುಡುಗಿಗೋ ಹಿರಿಯರ ಚರಿತ್ರೆಯನ್ನು ಹೇಳಿ ಕಳುಹಿಸಿದರೆ ಸಾಲದು. ಒಂದು ಸಣ್ಣ ಪಾತ್ರವನ್ನು ಕೊಡಬೇಕು, ತಪ್ಪಿದಾಗ ತಿದ್ದಬೇಕು, ರೆಕ್ಕೆ ಬಲಿತಾಗ, ನಮಗೆ ನಷ್ಟವಾದರೂ, ಹರಸಿ ಬೀಳ್ಕೊಡಬೇಕು.