ಮಗು ಅಳುತ್ತದೆ, ಹುಡುಗ ಅಳಬಾರದು

ನಮ್ಮ ಭಾಷೆಯಲ್ಲಿ ಮಗು ನಪುಂಸಕಲಿಂಗ. ತೊಟ್ಟಿಲಲ್ಲಿ ಮಲಗಿರುವುದು ಗಂಡೋ ಹೆಣ್ಣೋ ಎಂಬುದು ಹುಟ್ಟಿದ ಗಳಿಗೆಯಿಂದಲೇ ಕೇರಿಗೆಲ್ಲ ತಿಳಿದಿದ್ದರೂ ‘ಮಗು ಅಳುತ್ತಿದೆ’, ‘ಮಗು ನಕ್ಕಿತು’ ಎಂದೇ ನಾವು ಹೇಳುವುದು. ಅರ್ಥವನ್ನು ನೋಡಿಯೇ ಲಿಂಗವನ್ನು ನಿರ್ಣಯಿಸುವ ಕನ್ನಡ ವ್ಯಾಕರಣವು ಶಿಶುವಿಗೆ ಮಾತ್ರ ಕೆಲವು ವರ್ಷಗಳ ವಿನಾಯಿತಿಯನ್ನು ದಯಪಾಲಿಸಿದೆ. ಈ ವಿನಾಯಿತಿಯು ಎಂದಿಗೆ ಮುಗಿಯುವುದೆಂದು ಯಾವ ಪಂಚಾಂಗವೂ ಹೇಳದು. ಮೊಣಕಾಲು ತರಚಿಕೊಂಡು ಬಂದ ನಾಲ್ಕು ವರ್ಷದವನಿಗೆ ಗಾಯದ ಮೇಲಿನ ಅರಿಸಿನದ ಜೊತೆಜೊತೆಗೇ ‘ಗಂಡುಹುಡುಗ ಆಗಿ ಅಳ್ತೀಯೇನೋ?’ ಎಂಬ ಮಾತೂ ದೊರೆತಾಗ, ಅದು ಮುಗಿಯಿತೆಂದು ತಿಳಿಯಬೇಕು. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬೇಡವೆಂಬ ಗಾದೆಯ ಉತ್ತರಾರ್ಧ ಅವನಿಗೆ ಅಂದೇ ಪಾಠವಾಯಿತು.

ಶಿವಮೊಗ್ಗದ ರಾಗಿಗುಡ್ಡದಲ್ಲಿ, ಪರಿಚಿತರ ಮನೆಯ ಜಗಲಿಯ ಮೇಲೆ ಕೆಲವು ಸಂಜೆಗಳನ್ನು ಕಳೆಯುವ ಅವಕಾಶ ನನಗೆ ಒದಗಿತ್ತು. ಎದುರುಮನೆಯ ಅಜ್ಜಿ ಐದು ವರ್ಷದ ಮೊಮ್ಮಗಳನ್ನು ‘ಬಾರೋ ನನ್ನಪ್ಪಾ, ಒಂದು ತುತ್ತು ತಿನ್ನೋ’ ಎಂದು ಕರೆಯುತ್ತಿದ್ದರು. ಹೆಣ್ಣುಮಗುವಿಗೆ ಪುಲ್ಲಿಂಗದ ಸಂಬೋಧನೆ ನಮ್ಮಲ್ಲಿ ವಾತ್ಸಲ್ಯದ ಪರಾಕಾಷ್ಠೆಯಷ್ಟೆ. ಆದರೆ ಅದೇ ಅಜ್ಜಿ ಮೊಮ್ಮಗನನ್ನು ‘ಬಾರೇ’ ಎಂದಿದ್ದರೆ ಅದು ಹಾಸ್ಯ. ಎರಡನೆಯ ಬಾರಿ ಎಂದಿದ್ದರೆ ಅವಮಾನ. ಯಾವ ಕಡೆಗೆ ಹೋದರೆ ಏರುವುದು, ಯಾವ ಕಡೆಗೆ ಹೋದರೆ ಇಳಿಯುವುದು ಎಂಬ ಸೋಪಾನಕ್ರಮವನ್ನು ಕೂಸು ಅಕ್ಷರಾಭ್ಯಾಸಕ್ಕೆ ಮುನ್ನವೇ ಒಂದು ಓಕಾರ, ಒಂದು ಏಕಾರಗಳ ನಡುವೆ ಗ್ರಹಿಸಿಬಿಡುತ್ತದೆ. ಇದೇ ಜಿಲ್ಲೆಯ ಸಾಗರದ ಕಡೆಯ ಹವ್ಯಕರ ಮನೆಮಾತಿನಲ್ಲಂತೂ ಗಂಡುಮಗು ಬೆಳೆದು ‘ಅವನು’ ಆಗುವನು. ಹೆಣ್ಣುಮಗು ಬೆಳೆದು ಅಕ್ಕನಾದರೂ ತಂಗಿಯಾದರೂ ‘ಅದು’ ಆಗಿಯೇ ಉಳಿಯುವುದು. ಅದರಲ್ಲಿರುವುದು ತಾತ್ಸಾರವಲ್ಲ, ಸಲಿಗೆ ಎಂದು ಹವ್ಯಕ ಮಿತ್ರರು ವಾದಿಸುತ್ತಾರೆ. ನಾನೂ ಒಪ್ಪುತ್ತೇನೆ, ಅರ್ಧ.

ಕಿವಿ ಕಲಿತದ್ದನ್ನು ಕಣ್ಣು ದೃಢಪಡಿಸುತ್ತದೆ. ಅಡಕೆಯ ಕೊಯ್ಲಿನಲ್ಲಿ ಕೊನೆಗಾರ ಮರದ ತುದಿಯಲ್ಲಿರುತ್ತಾನೆ, ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವ ಹೆಂಗಸರು ನೆಲದ ಮೇಲಿರುತ್ತಾರೆ. ಕತ್ತೆತ್ತಿ ಬೆರಗಾಗುವ ಮಗುವು ತನ್ನ ಪಕ್ಕದಲ್ಲೇ ಬೆಳೆಯುತ್ತಿರುವ ಅಡಕೆಯ ರಾಶಿಯನ್ನು ಕಂಡು ಬೆರಗಾಗುವುದಿಲ್ಲ. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಭದ್ರಾವತಿಯ ಕಾರ್ಖಾನೆಯಾದರೋ ‘ಕೆಲಸ’ ಎಂಬ ಶಬ್ದಕ್ಕೆ ಪಾಳಿ, ಬುತ್ತಿ, ಸಂಬಳದ ದಿನ ಎಂಬ ಕಣ್ಣಿಗೆ ಕಾಣುವ ಲಕ್ಷಣಗಳನ್ನು ಕೊಟ್ಟಿತು. ಅಪ್ಪ ಕೆಲಸಕ್ಕೆ ಹೋಗ್ತಾರೆ. ಅಮ್ಮ? ‘ಏನಿಲ್ಲ, ಮನೇಲಿರ್ತಾರೆ.’ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕಾಗಿ ದಿನಕ್ಕೆ 299 ನಿಮಿಷಗಳನ್ನು, ಗಂಡಸರು 97 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಆ ‘ಏನಿಲ್ಲ’ದ ಅಳತೆ ಸುಮಾರು ಐದು ಗಂಟೆ.

ಇದೆಲ್ಲ ನಮ್ಮ ದೇಶದ ದೋಷವೆಂದು ನಿಟ್ಟುಸಿರುಬಿಡುವ ಅಗತ್ಯವೂ ಇಲ್ಲ. 1978ರಲ್ಲಿ ಸ್ಮಿತ್ ಮತ್ತು ಲಾಯ್ಡ್ ಎಂಬ ಸಂಶೋಧಕಿಯರು ಇಂಗ್ಲೆಂಡಿನ ತಾಯಂದಿರ ಕೈಗೆ ಪರರ ಆರು ತಿಂಗಳ ಕೂಸುಗಳನ್ನು ಕೊಟ್ಟು ನೋಡಿದರು. ಒಳಗಿದ್ದ ಕೂಸು ಯಾವುದೇ ಇರಲಿ, ಹೆಣ್ಣಿನ ಉಡುಪು ತೊಟ್ಟಿದ್ದರೆ ಗೊಂಬೆಯೂ ಗಂಡಿನ ಉಡುಪು ತೊಟ್ಟಿದ್ದರೆ ಸುತ್ತಿಗೆಯಾಕಾರದ ಗಿಲಕಿಯೂ ಮುಂದೆ ಬರುತ್ತಿದ್ದವು. ಐದರ ಪ್ರಾಯದಲ್ಲಿ ಹೆಣ್ಣುಜಾತಿಯವರನ್ನೇ ಅತಿ ಬುದ್ಧಿವಂತರೆಂದು ತೋರಿಸುತ್ತಿದ್ದ ಅಮೆರಿಕದ ಹುಡುಗಿಯರು ಆರೇಳರ ವೇಳೆಗೆ ಹಿಂಜರಿಯುವರೆಂದು 2017ರ ಅಧ್ಯಯನವೊಂದು ತಿಳಿಸಿತು. ಇಷ್ಟಕ್ಕೂ ನಮ್ಮ ಆದಿಕವಿ ಪಂಪನು 941ರಲ್ಲಿ ಕನ್ನಡಕ್ಕೆ ತಂದ ಆದಿತೀರ್ಥಂಕರನ ಕಥೆಯಲ್ಲಿ ತಂದೆಯಿಂದ ಅಕ್ಷರವನ್ನು ಕಲಿತವಳು ಮಗಳು ಬ್ರಾಹ್ಮಿ, ಅಂಕೆಗಳನ್ನು ಕಲಿತವಳು ಮತ್ತೊಬ್ಬ ಮಗಳು ಸೌಂದರಿ. ಲೆಕ್ಕ ಹೆಣ್ಣಿಗೆ ಹತ್ತದೆಂಬ ಮಾತು ಎಲ್ಲಿಂದ ಬಂದಿತೋ!

ರಾಗಿಗುಡ್ಡದ ಒಂದು ಸಂಜೆ ಮಕ್ಕಳು ಮನೆಯಾಟ ಆಡುತ್ತಿದ್ದರು. ತೆಂಗಿನ ಚಿಪ್ಪುಗಳಲ್ಲಿ ಮಣ್ಣಿನ ಅನ್ನ, ಹೊಂಗೆ ಎಲೆಯ ಪಲ್ಯ. ‘ನೀನು ಕೆಲಸಕ್ಕೆ ಹೋಗು’ ಎಂದು ಹುಡುಗಿ ಅಪ್ಪಣೆ ಮಾಡಲು, ಹುಡುಗ ಲೈಟುಕಂಬದವರೆಗೆ ಹೋಗಿ, ಅಲ್ಲಿ ಮಾಡುವುದಕ್ಕೆ ಏನೂ ಇಲ್ಲದೆ ಸ್ವಲ್ಪ ಹೊತ್ತು ನಿಂತು, ಹಿಂದಿರುಗಿ ಬಂದು ತಾನೂ ಅನ್ನ ಕಲಕುವೆನೆಂದ. ‘ಹುಡುಗ್ರು ಅಡುಗೆ ಮಾಡಲ್ಲ’ ಎಂದಳು. ಅವನು ಚಿಂತಿಸಿದ. ಮುಖ ಬೆಳಗಿತು. ‘ನಾನು ಮದುವೆಮನೆ ಅಡುಗೆಭಟ್ಟ ಕಣೇ!’

ಇದಕ್ಕೆ ಆಕ್ಷೇಪವಿರಲಿಲ್ಲ. ಹುಡುಗಿ ಎದ್ದು ಸೌಟನ್ನು ಅವನ ಕೈಗಿತ್ತು, ತಾನು ಪಾತ್ರೆ ತೊಳೆಯಲು ಕುಳಿತಳು.