ತೋಟಾ ಸಿಗದ ಕೋವಿ ಊರುಗೋಲಿಗೆ ಸಮ!

ಕೋವಿ ಹಾಳಾಗೋದಕ್ಕೆ ತುಕ್ಕೇ ಹಿಡಿಯಬೇಕು ಅಂತಿಲ್ಲ ಸ್ವಾಮಿ. ಅದಕ್ಕೆ ಹಾಕುವ ತೋಟಾ ಅಂಗಡಿಯಿಂದ ಮಾಯವಾದರೆ ಸಾಕು, ಎಂಥ ರೈಫಲ್ಲಾದರೂ ಮೂಲೆ ಸೇರಿದಂತೆಯೇ. ಮ್ಯಾಂಟಲ್ ಸಿಗದ ಪೆಟ್ರೋಮ್ಯಾಕ್ಸ್, ಬತ್ತಿ ಸಿಗದ ಸ್ಟೌ ಕಥೆಯೂ ಇದೇ ಅಲ್ಲವೆ?

ಬೆಂಗಳೂರಿನ ಕೆನೆತ್ ಆಂಡರ್ಸನ್ ಸಾಹೇಬರ ರೈಫಲ್ಲಿನ ಜಾತಿಗೆ ಆದದ್ದೂ ಇದೇ ಗತಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಅವರ ಕಾಡಿನ ಕಥೆಗಳನ್ನು ಬಸ್ಸಿನಲ್ಲಿ ಓದುತ್ತಾ ಇಳಿಯುವ ಸ್ಟಾಪನ್ನೇ ಮರೆತವರುಂಟು. ನರಭಕ್ಷಕಗಳ ಎದುರು ಸಾಹೇಬರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಅಮೆರಿಕದ ವಿಂಚೆಸ್ಟರ್ ಕಂಪನಿ ತನ್ನ 1895ರ ಮಾದರಿಯ ರೈಫಲ್ಲಿಗೆಂದೇ 1904ರಲ್ಲಿ ಈ ತೋಟಾ ಹೊರತಂದಿತು. ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಅಧ್ಯಕ್ಷಗಿರಿ ಮುಗಿಸಿ ಆಫ್ರಿಕಕ್ಕೆ ಶಿಕಾರಿಗೆ ಹೊರಟಾಗ ಸಿಂಹಕ್ಕೆ ಅಂತ ಒಯ್ದದ್ದೂ ಇದನ್ನೇ.

ಆಮೇಲೆ ಗಿರಾಕಿ ಕಡಿಮೆಯಾದರು. ರೈಫಲ್ ಮಾಡೋದು ನಿಂತಿತು, ಹಿಂದೆಯೇ ತೋಟಾ ಮಾಡೋದೂ ನಿಂತಿತು. ಆದರೆ ಜನರ ಮನೆಯಲ್ಲಿದ್ದ ರೈಫಲ್ಲುಗಳು ಗಟ್ಟಿಯಾಗೇ ಇದ್ದವು. ಅವರೇನು ಮಾಡಬೇಕು?

ಹಿತ್ತಾಳೆಗೆ ಮರುಜನ್ಮ

ತೋಟಾದಲ್ಲಿ ಇರೋದು ನಾಲ್ಕೇ ಸಾಮಾನು. ಗುಂಡು, ಮದ್ದು, ಕೇಪು, ಇವನ್ನು ಹಿಡಿದಿಡುವ ಹಿತ್ತಾಳೆ ಕೊಳವೆ. ಮೊದಲ ಮೂರು ಹೊಡೆದ ಕೂಡಲೆ ಮುಗಿದವು. ಅಮೆರಿಕದಲ್ಲಿ ಅವು ಬಿಡಿಯಾಗಿಯೂ ಸಿಗುತ್ತವೆ. ಕೊಳವೆ ಮಾತ್ರ ಆಯಾ ರೈಫಲ್ಲಿನ ಗೂಡಿಗೆ ಸರಿಯಾಗಿ ಕೂರಬೇಕು. ಅಲ್ಲಿನ ಹವ್ಯಾಸಿಗಳು ಬೇರೆ ತೋಟಾದ ಕೊಳವೆ ತಂದು ಅದರ ರೂಪವನ್ನೇ ಬದಲಿಸಿದರು.

.405ಕ್ಕೆ ಹತ್ತಿರದ ನೆಂಟ ಅಮೆರಿಕದ ಸೈನ್ಯದ ಹಳೆಯ .30-40 ಕ್ರ್ಯಾಗ್. ಬುಡ ಹೊಂದುತ್ತದೆ. ಆದರೆ ಕ್ರ್ಯಾಗಿಗೆ ಸೀಸೆಯ ಹಾಗೆ ಸಣ್ಣ ಕತ್ತು, .405ಕ್ಕೆ ಕತ್ತೇ ಇಲ್ಲ. ಆ ಕತ್ತನ್ನು ಹಿಗ್ಗಿಸಿ ಹಿಗ್ಗಿಸಿ ನೆಟ್ಟಗೆ ಮಾಡಬೇಕು.

ತೋಟಾದ ಹಿತ್ತಾಳೆ ಅಂದರೆ 100ಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಪಾತ್ರೆ ಬಡಿಯುವವರನ್ನು ಕೇಳಿ ನೋಡಿ, ಹಿತ್ತಾಳೆ ಬಡಿದಷ್ಟೂ ಗಡುಸು, ನಡುನಡುವೆ ಕಾಯಿಸದಿದ್ದರೆ ಸೀಳು. ಇಲ್ಲೂ ಅಷ್ಟೆ. ಹಳಬರು ತಟ್ಟೆಯಲ್ಲಿ ನೀರು ಹಾಕಿ ಕೊಳವೆಗಳನ್ನು ಅದರಲ್ಲಿ ನಿಲ್ಲಿಸಿ, ಬಾಯಿಯನ್ನಷ್ಟೇ ಬೆಂಕಿಗೆ ಹಿಡಿದು ನೀರಿಗೆ ಉರುಳಿಸುತ್ತಿದ್ದರು. ಬಾಯಿ ಮೆತ್ತಗಾಗಬೇಕು, ಬುಡ ಗಡುಸಾಗೇ ಉಳಿಯಬೇಕು. ಬುಡ ಮೆತ್ತಗಾಯಿತೋ, ಮದ್ದಿನ ಉರಿಗಾಳಿ ಹಿಂದಕ್ಕೆ ನುಗ್ಗಿ ಹೊಡೆದವನ ಕಣ್ಣಿಗೇ ಸಂಚಕಾರ!

ಇಷ್ಟೆಲ್ಲ ಮಾಡಿದರೂ ಸುಮಾರು 7 ಮಿಲಿಮೀಟರು ಮೋಟು. ಬಟ್ಟೆ ಅಂಗಡಿಯಲ್ಲಿ ತುಂಡು ಸಾಲದೆ ಬಂದ ಹಾಗೆ. ಬುಡದ ಅಂಚು ತೋಟಾವನ್ನು ಗೂಡಿನ ಬಾಯಲ್ಲಿ ಹಿಡಿದು ನಿಲ್ಲಿಸುತ್ತದೆ, ಹಾಗಾಗಿ ಮೋಟಾದರೂ ಕೆಲಸ ನಡೆಯಿತು.

ಕುದುರೆ ಲಾಯದ ಪಾಠ

ಹಿತ್ತಾಳೆಯ ಒಳಗುಟ್ಟು ಗೊತ್ತಾದದ್ದರ ಹಿಂದೆ ನಮ್ಮ ದೇಶದ ಮಳೆಗಾಲವೂ ಇದೆ. ಹಿಂದಿನ ಶತಮಾನಕ್ಕೂ ಹಿಂದೆ, ಬ್ರಿಟಿಷ್ ಸೈನ್ಯ ಇಲ್ಲಿ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಎಷ್ಟೋ ತೋಟಾ ತಾವಾಗೇ ಬಿರುಕು! ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯ, ಜೊತೆಗೆ ತಣ್ಣಗೆ ಎಳೆದು ಮಾಡಿದ ಹಿತ್ತಾಳೆಯೊಳಗೆ ಉಳಿದ ಬಿಗಿತ. ಎರಡೂ ಸೇರಿ ಲೋಹವನ್ನು ಸೀಳಿದ್ದವು. ಹದವಾಗಿ ಕಾಯಿಸಿದರೆ ಆ ಬಿಗಿತ ಸಡಿಲ. ಬೆಂಕಿಗೆ ಹಿಡಿಯೋದು ಬರೀ ಶಾಸ್ತ್ರಕ್ಕಲ್ಲ ಅಂತ ಇದರಿಂದಲೇ ತಿಳಿಯುತ್ತದೆ.

ಇದನ್ನು ಓದಿ ಅಟ್ಟದ ಮೇಲಿನ ತಾತನ ಕೋವಿ ಇಳಿಸಬೇಡಿ ಮತ್ತೆ! ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸಿದರೆ 1959ರ ಆಯುಧ ಕಾಯ್ದೆಯಂತೆ ಅಪರಾಧ. ಶಿಕಾರಿಯ ಕಾಲವಂತೂ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯಿತು. ಆಂಡರ್ಸನ್ ಸಾಹೇಬರು ತೀರಿಕೊಂಡದ್ದು 1974ರಲ್ಲಿ.

2000ದ ನಂತರ ಅಮೆರಿಕದಲ್ಲಿ .405ರ ಹೊಸ ತೋಟಾ ಮತ್ತೆ ಅಂಗಡಿಗೆ ಬಂತು. ಅಲ್ಲಿಯವರೆಗೆ ಆ ರೈಫಲ್ಲುಗಳ ಉಸಿರು ಹಿಡಿದಿಟ್ಟವರು ಖಾಲಿ ಕೊಳವೆಯನ್ನು ಕಸಕ್ಕೆ ಎಸೆಯದ ತಾಳ್ಮೆಯ ಜನ.

ಮಿಕ್ಸಿಯೋ ಸ್ಕೂಟರೋ, ಮುಂದಿನ ಸಲ ಏನೇ ಕೊಳ್ಳುವಾಗ ಬೆಲೆ ಕೇಳುವ ಮೊದಲು ಒಂದು ಮಾತು ಕೇಳಿ: “ಇದರ ಸಾಮಾನು ಹತ್ತು ವರ್ಷ ಬಿಟ್ಟೂ ಸಿಗುತ್ತಾ ಸ್ವಾಮಿ?”