ಬೆಟ್ಟದ ಸೀಮೆಯಲ್ಲಿ ಕಾಮಗಾರಿಗಳ ಪರಿಣಾಮ ಪರೀಕ್ಷೆಯೂ ವಿಪತ್ತಿನ ಮುನ್ನೇರ್ಪಾಡೂ

2018ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಆಶ್ಲೇಷಾ ಮಳೆ ತೀರಿ ಮಘೆ ಹುಟ್ಟುವ ದಿನಗಳಲ್ಲಿ, ಕೊಡಗಿನ ಗುಡ್ಡಗಳು ಅನೇಕ ಕಡೆಗಳಲ್ಲಿ ಜಾರಿ ಮನೆ, ಕಾಫಿ ತೋಟ, ಗದ್ದೆಗಳನ್ನು ಮುಚ್ಚಿದುವು. ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿ ಮೊದಲಾದ ಕಡೆಗಳ ಜನರು ಉಟ್ಟ ಬಟ್ಟೆಯಲ್ಲಿಯೇ ಊರು ಬಿಡಬೇಕಾಯಿತು. ಜನರು ಇದನ್ನು ಜಲಸ್ಫೋಟವೆಂದು ಕರೆದರು. ಮಳೆ ವಿಪರೀತವಾಗಿದ್ದುದು ನಿಜ. ಆದರೆ ಅನಂತರ ಸ್ಥಳ ಪರೀಕ್ಷೆ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು, ರಸ್ತೆಗೂ ಮನೆಗೂ ಇಳಿಜಾರನ್ನು ಕ್ರಮವಿಲ್ಲದೆ ಕಡಿದುದನ್ನು ಮುಖ್ಯ ಕಾರಣಗಳಲ್ಲಿ ಎಣಿಸಿದರು. ಮಳೆಯನ್ನು ತಡೆಯುವುದು ಯಾರಿಂದಲೂ ಆಗದು, ಗುದ್ದಲಿಯನ್ನು ತಡೆಯಬಹುದು.

ಗುಡ್ಡವು ಜಾರುವ ಬಗೆಯನ್ನು ಭೂಮಾಲೀಕರು ಚೆನ್ನಾಗಿ ತಿಳಿದಿರತಕ್ಕದ್ದು. ಮಲೆನಾಡಿನಲ್ಲಿ ಗಟ್ಟಿ ಬಂಡೆಯ ಮೇಲೆ ಶಿಥಿಲವಾದ ದಪ್ಪ ಮಣ್ಣಿನ ಪದರವಿರುತ್ತದೆ. ಜೂನ್, ಜುಲೈ ತಿಂಗಳ ಮಳೆಗೆ ಆ ಮಣ್ಣು ನೀರುಂಡು ಭಾರವಾಗುತ್ತದೆ. ಬಳಿಕ ಒಮ್ಮೆಲೇ ಬಿರುಮಳೆ ಹಿಡಿದರೆ, ಒಳಗೆ ಸೇರಿದ ನೀರಿನ ಒತ್ತಡದಿಂದ ಮಣ್ಣಿನ ಹಿಡಿತ ಸಡಿಲುತ್ತದೆ. ಅಷ್ಟರಲ್ಲಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ಬರೆಯನ್ನು ನಿಲ್ಲಿಸಿದ್ದರೆ, ಮೇಲಿನ ಭಾರಕ್ಕೆ ಆಧಾರವೇ ತಪ್ಪಿದಂತಾಗುತ್ತದೆ. ಬಯಲುಸೀಮೆಯಲ್ಲಿ ಬಹು ಉಪಕಾರಿಯಾದ ಇಂಗುಗುಂಡಿಯೂ ಇಂತಹ ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಅಪಾಯಕರವಾಗಬಹುದೆಂಬುದನ್ನು, ಇಂಗುಗುಂಡಿಯ ಪ್ರಚಾರ ಮಾಡುವವರೇ ಮೊದಲು ಒಪ್ಪಬೇಕು.

ಈ ವಿಷಯದಲ್ಲಿ ಎರಡು ಶಾಸನಗಳು ಅನ್ವಯಿಸುತ್ತವೆ. 1986ರ ಪರಿಸರ ಸಂರಕ್ಷಣಾ ಶಾಸನದ ಮೇರೆಗೆ 2006ನೆಯ ಸೆಪ್ಟೆಂಬರ್ 14ರಂದು ಹೊರಟ ಅಧಿಸೂಚನೆಯಂತೆ, ದೊಡ್ಡ ಕಾಮಗಾರಿಗಳನ್ನು ಆರಂಭಿಸುವ ಮುನ್ನ ಅವುಗಳಿಂದ ನೆಲ, ನೀರು, ಜನರ ಮೇಲೆ ಆಗುವ ಪರಿಣಾಮವನ್ನು ಪರೀಕ್ಷಿಸಬೇಕು. ಸ್ಥಳವು ಭೂಕುಸಿತಕ್ಕೋ ನೆರೆಗೋ ಈಡಾಗತಕ್ಕದ್ದೇ ಎಂಬ ಪ್ರಶ್ನೆ ಅರ್ಜಿಯ ನಮೂನೆಯಲ್ಲಿಯೇ ಉಂಟು. ಎರಡನೆಯದು 2005ರ ವಿಪತ್ತು ನಿರ್ವಹಣಾ ಶಾಸನ. ಇದರಂತೆ ಪ್ರತಿ ಜಿಲ್ಲೆಗೂ ಒಂದು ವಿಪತ್ತು ಯೋಜನೆಯಿದ್ದು, ಅದನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಒಂದು ಕಡತವು ಕಾಮಗಾರಿಯನ್ನು ನೋಡುತ್ತದೆ, ಇನ್ನೊಂದು ಮಳೆಯನ್ನು ನೋಡುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿಡದಿದ್ದರೆ ಎರಡರ ಪ್ರಯೋಜನವೂ ಅರೆಯಾಗುತ್ತದೆ. ಇದಲ್ಲದೆ, ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರಿಗೆ ಕಡಿಮೆಯಿದ್ದರೆ ಸಾಧಾರಣವಾಗಿ ಈ ಪರೀಕ್ಷೆ ಬೇಕಿಲ್ಲ. ತೋಟದೊಳಗಣ ದಾರಿ, ಗುಡ್ಡದ ಮೇಲಣ ತಂಗುಮನೆ, ಇಳಿಜಾರಿನ ಕೆರೆ, ಇವಾವುವೂ ದೊಡ್ಡ ಲೆಕ್ಕಕ್ಕೆ ಬರುವುದಿಲ್ಲ. ಗ್ರಾಮಕ್ಕೆ ಹಾನಿ ತರುವವು ಬಹುಮಟ್ಟಿಗೆ ಇವೇ.

ಪರಿಣಾಮವು ಕಾಮಗಾರಿಯ ಎಲ್ಲೆಯೊಳಗೇ ನಿಲ್ಲುವುದಿಲ್ಲ. 2024ನೆಯ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದಾಗ, ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳ ಮೇಲೆ ನುಗ್ಗಿತು. ಉಳುವರೆಯವರಿಗೂ ಆ ರಸ್ತೆಗೂ ನಡುವೆ ಒಂದು ನದಿಯೇ ಇತ್ತು.

ಆದಕಾರಣ ಗ್ರಾಮದ ಮುಖಂಡರು ಮುಂಗಾರಿಗೆ ಮೊದಲು ಒಂದು ದಪ್ತರವನ್ನು ಸಿದ್ಧಪಡಿಸುವುದು ಲೇಸು. ಹಿಂದೆ ಎಲ್ಲಿ ಬರೆ ಕುಸಿಯಿತು, ಯಾವ ತೋಡು ಎಲ್ಲಿಯವರೆಗೆ ಉಕ್ಕಿತು ಎಂಬುದನ್ನು ವೃದ್ಧರಿಂದ ಕೇಳಿ, ಗ್ರಾಮನಕ್ಷೆಯ ಮೇಲೆ ಸರ್ವೆ ನಂಬರುಸಹಿತ ಗುರುತಿಸಬೇಕು. ಅದೇ ನಕ್ಷೆಯ ಮೇಲೆ ಹೊಸ ಕಡಿತಗಳನ್ನೂ ಗುರುತಿಸಿದರೆ ಅಪಾಯದ ಸ್ಥಳಗಳು ತಾವಾಗಿಯೇ ಕಾಣುವುವು. ದೊಡ್ಡ ಕಾಮಗಾರಿಯ ಬಗೆಗೆ ಸಾರ್ವಜನಿಕ ಅಹವಾಲು ಸಭೆ ಕರೆದಾಗ ಈ ನಕ್ಷೆಯನ್ನೇ ಮುಂದಿಡಬಹುದು. ಸಭೆಗೆ ಕನಿಷ್ಠ 30 ದಿವಸಗಳ ನೋಟೀಸು ಇರುತ್ತದೆ. ಮಳೆಗಾಲದಲ್ಲಿ ಗುಡ್ಡದ ಮೇಲೆ ಹೊಸ ಬಿರುಕು, ವಾಲಿದ ಮರಗಳು, ಕೆಸರಾಗಿ ಹರಿಯುವ ಒರತೆ ಕಂಡರೆ, ಅಪ್ಪಣೆಗಾಗಿ ಕಾಯದೆ ಕೆಳಗಿನ ಮನೆಗಳನ್ನು ತೆರವು ಮಾಡಿಸಿ ತಹಶೀಲ್ದಾರರಿಗೆ ತಿಳಿಸತಕ್ಕದ್ದು.

ವಿಪತ್ತಿನ ಬಳಿಕ ಮಾಡುವ ಕೆಲಸಗಳೂ ಕಾಮಗಾರಿಗಳೇ. ಅವಸರದಲ್ಲಿ ಪರೀಕ್ಷೆ ಬಿಟ್ಟುಹೋಗುವುದು ಇಲ್ಲಿಯೇ ಹೆಚ್ಚು. ರಸ್ತೆ ತೆರೆಯಲು ಜಾರಿದ ಮಣ್ಣನ್ನು ತೋಡಿಗೆ ತಳ್ಳಿದರೆ ಮರುವರ್ಷ ಕೆಳಗಿನ ಗದ್ದೆಗಳು ಮುಳುಗುತ್ತವೆ. ಸಂತ್ರಸ್ತರ ಮನೆಗಳಿಗೆಂದು ಮತ್ತೊಂದು ಇಳಿಜಾರನ್ನು ಕಡಿದರೆ, ಆ ಸಂಸಾರಗಳು ಎರಡನೆಯ ಸಲ ಊರು ಬಿಡುವ ಸಂಭವವುಂಟು. ನಿವೇಶನವನ್ನು ಗೊತ್ತುಮಾಡುವ ಮುನ್ನ ಮೇಲಿನ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬುದನ್ನು ಒಂದು ಮಳೆಯಲ್ಲಿ ನಿಂತು ನೋಡುವುದು, ನಾಲ್ಕು ವರದಿಗಳನ್ನು ಓದುವುದಕ್ಕಿಂತ ಮೇಲು.

ಗದ್ದೆಗಳ ಮೇಲೆ ಕೂತ ಮಣ್ಣು ತೆಳುವಾಗಿದ್ದರೆ ಕೊಟ್ಟಿಗೆ ಗೊಬ್ಬರದೊಡನೆ ಉತ್ತು ಸೇರಿಸಬಹುದು. ದಪ್ಪವಾಗಿದ್ದರೆ ತೆಗೆಯಲೇಬೇಕು, ಗುಡ್ಡದ ಒಳಮಣ್ಣಿನಲ್ಲಿ ಸಾರ ಕಡಿಮೆ, ಹುಳಿ ಹೆಚ್ಚು. ಮಣ್ಣನ್ನು ಪರೀಕ್ಷೆಗೆ ಕಳುಹಿಸಿ, ಅಗತ್ಯವಿದ್ದಷ್ಟು ಸುಣ್ಣ ಹಾಕಬೇಕು. ಕಾಫಿ ಗಿಡಗಳ ಬುಡವನ್ನು ಮುಚ್ಚಿದ ಮಣ್ಣನ್ನಾದರೋ ಬೇಗನೆ ಬಿಡಿಸದಿದ್ದರೆ ಬೇರುಗಳು ಉಸಿರುಗಟ್ಟಿ ಗಿಡ ಸಾಯುತ್ತದೆ. ತೆಗೆದ ಮಣ್ಣನ್ನು ಹಾಕುವ ಜಾಗವನ್ನು ಮೊದಲೇ ಆ ನಕ್ಷೆಯಲ್ಲಿ ಗುರುತಿಸಿಟ್ಟಿರಬೇಕು; ಆ ಜಾಗದ ಅಂಚಿನಲ್ಲಿ ಲಾವಂಚವನ್ನು ಮಳೆ ಬೀಳುವ ಮೊದಲ ವಾರದಲ್ಲಿಯೇ ನೆಡತಕ್ಕದ್ದು.